ಕಾಫಿ ತೇವಾಂಶ ಮಾಪಕ: ಕಾಲೇಜು ಪ್ರಾಜೆಕ್ಟಿನಿಂದ ಉದ್ಯಮದವರೆಗೆ

ಪ್ರಶ್ನೆ: ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ಆಧಾರಿತ ಕಾಫಿ ತೇವಾಂಶ ಮಾಪಕ ಮಾಡಿದ್ದಾರೆ. ಲ್ಯಾಬಿನಲ್ಲಿ ಸರಿ ತೋರಿಸುತ್ತದೆ, ಸಕಲೇಶಪುರದಲ್ಲಿ ಕಾಫಿ ಒಣಗಿಸುವ ಕಣದಲ್ಲಿ ತಪ್ಪುತ್ತದೆ. ಮುಂದಿನ ತಿಂಗಳು ಪ್ರದರ್ಶನವಿದೆ. ಕಾಲೇಜು ಹೇಗೆ ನೆರವಾಗಬೇಕು?

ಉತ್ತರ 1: ಮೊದಲು ಅಳತೆ ಸರಿಹೋಗಲಿ. ಬಿಸಿಲಲ್ಲಿ ಕಾದ ಬೀಜ ಹೆಚ್ಚು ತೇವಾಂಶ ತೋರಿಸುತ್ತದೆ, ಹಾಗಾಗಿ ತಾಪಮಾನ ಸೆನ್ಸರ್ ಬೇಕೇ ಬೇಕು. ಮಾಪಕದ ಕಪ್ಪಿನಲ್ಲಿ ಬೀಜ ಒತ್ತಾಗಿ ಕೂತರೂ ಅಂಕಿ ಬದಲಾಗುತ್ತದೆ. ಪ್ರತಿ ಸಲ ಒಂದೇ ತೂಕ ತೂಗಿ, ಒಂದೇ ಎತ್ತರದಿಂದ ಸುರಿಯಿರಿ. ಅರೇಬಿಕಾ, ರೋಬಸ್ಟಾ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ), ಚೆರ್ರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ಎಲ್ಲಕ್ಕೂ ಒಂದೇ ಸೂತ್ರ ನಡೆಯದು. 9ರಿಂದ 20% ವರೆಗಿನ ತೇವಾಂಶದ ಮಾದರಿಗಳನ್ನು 105 ಡಿಗ್ರಿ ಓವನ್ನಿನಲ್ಲಿ ಒಣಗಿಸಿ, ಮಾಪಕದ ಅಂಕಿಯನ್ನು ತೂಕದ ಇಳಿಕೆಯೊಂದಿಗೆ ಹೋಲಿಸಿ. ಪಾರ್ಚ್‌ಮೆಂಟ್ ಒಣಗಿಸುವುದನ್ನು ನಿಲ್ಲಿಸಬೇಕಾದ್ದು ಸುಮಾರು 10% ತೇವಾಂಶಕ್ಕೆ; ನಿಖರತೆ ಅಲ್ಲೇ ಮುಖ್ಯ.

ಉತ್ತರ 2: ಪ್ರದರ್ಶನಕ್ಕೆ ಮುಂಚೆ ಪೇಟೆಂಟಿನ ತಾತ್ಕಾಲಿಕ ಅರ್ಜಿ ಹಾಕಿ. ಒಮ್ಮೆ ಬಹಿರಂಗವಾದರೆ ಅದು ಹೊಸದು ಎಂದು ಪೇಟೆಂಟ್ ಕೇಳುವ ಹಕ್ಕು ಸಾಮಾನ್ಯವಾಗಿ ಹೋಗುತ್ತದೆ. ತಾತ್ಕಾಲಿಕ ಅರ್ಜಿಯ ನಂತರ ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳು ಸಿಗುತ್ತದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ 80% ರಿಯಾಯಿತಿಯೂ ಇದೆ. ಮಾಲೀಕತ್ವ ಯಾರದು, ವಿದ್ಯಾರ್ಥಿಗಳ ಪಾಲೆಷ್ಟು ಎಂಬುದನ್ನು ಈಗಲೇ ಬರವಣಿಗೆಯಲ್ಲಿ ಇಡಿ. ಪದವಿ ಮುಗಿಸಿ ತಂಡ ಚದುರಿದ ಮೇಲೆ ಸಹಿಗಳೇ ಸಿಗುವುದಿಲ್ಲ.

ಉತ್ತರ 3: ಕಾಲೇಜಿನ ನಿಜವಾದ ಕೊಡುಗೆ ಹಣವಲ್ಲ, ಓವನ್, ತಕ್ಕಡಿ, ಲ್ಯಾಬಿನ ಸಮಯ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಪರೀಕ್ಷೆಗೆ ಅವರನ್ನು ಕೇಳಿ. ಒಂದು ಎಚ್ಚರಿಕೆ: ಕುಯ್ಲು ತಪ್ಪಿದರೆ ಹಸಿ ಮಾದರಿಗೆ ಇಡೀ ವರ್ಷ ಕಾಯಬೇಕು. ಅರೇಬಿಕಾ ಡಿಸೆಂಬರ್ ಹೊತ್ತಿಗೆ, ರೋಬಸ್ಟಾ ಅದರ ನಂತರ. ಸೆಮಿಸ್ಟರ್ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ.