ಸಹಾಯ ಬೇಕು: ರಾಗಿ ಕ್ಯಾಲಸ್‌ನಲ್ಲಿ ಬೇರು ಬರುತ್ತೆ, ಚಿಗುರು ಬರಲ್ಲ

ರಾಗಿ ತಳಿ ಜಿಪಿಯು-28; ಬಲಿತ ಬೀಜದಿಂದ ಕ್ಯಾಲಸ್ (ಇನ್ನೂ ಬೇರು, ಚಿಗುರು ಎಂದು ಬೇರ್ಪಡದ ಕೋಶಗಳ ಮುದ್ದೆ) ಬೆಳೆಸುತ್ತಿದ್ದೇವೆ. ಎಂಎಸ್ ಮಾಧ್ಯಮ (ಅಂಗಾಂಶ ಬೆಳೆಸುವ ಪೋಷಕಾಂಶಗಳ ಮಿಶ್ರಣ), ಲೀಟರಿಗೆ 2,4-ಡಿ (ಕ್ಯಾಲಸ್ ಬರಿಸುವ ಹಾರ್ಮೋನು) 2 ಮಿ.ಗ್ರಾಂ, ಕೈನೆಟಿನ್ (ಕೋಶ ವಿಭಜನೆಗೆ ನೆರವಾಗುವ ಹಾರ್ಮೋನು) 0.5 ಮಿ.ಗ್ರಾಂ, ಸಕ್ಕರೆ 30 ಗ್ರಾಂ, ಅಗಾರ್ 8 ಗ್ರಾಂ. ಪಿಎಚ್ 5.8, 25 ಡಿಗ್ರಿ, ಪೂರ್ತಿ ಕತ್ತಲೆ. ಕ್ಯಾಲಸ್ ಚೆನ್ನಾಗೇ ಬರುತ್ತೆ: ನೆನೆದ ಸಾಬೂದಾನಿಯಂಥ ಬಿಳಿ ಗಂಟುಗಳು, ಪಕ್ಕದಲ್ಲೇ ಲೋಳೆಯಂಥ ಹಳದಿ ಮುದ್ದೆ. ಲೋಳೆಯದ್ದು ಗಿಡವಾಗಲ್ಲ, ಅದನ್ನು ಬಿಡಿಸಿ ಗಂಟನ್ನಷ್ಟೇ ಮುಂದಕ್ಕೆ ಹಾಕುತ್ತೇವೆ.

ತೊಂದರೆ ಬೆಳಕಿಗಿಟ್ಟ ಮೇಲೆ. ಬಿಎಪಿ (ಚಿಗುರು ಬರಿಸುವ ಹಾರ್ಮೋನು) ಲೀಟರಿಗೆ 1 ಮಿ.ಗ್ರಾಂ, 2,4-ಡಿ ಇಲ್ಲ, 16 ಗಂಟೆ ಬೆಳಕು. ಹಸಿರು ಚುಕ್ಕೆ ಮೂಡಿ ಅಲ್ಲೇ ನಿಲ್ಲುತ್ತೆ, ನೂಲಿನಂಥ ಬೇರು ಮಾತ್ರ ಇಳಿಯುತ್ತೆ. ಒಳಗೆ ಉಳಿದ 2,4-ಡಿ ಕಾರಣವೋ, ನಾಲ್ಕು ಸಲ ಸಬ್‌ಕಲ್ಚರ್ (ಹೊಸ ಮಾಧ್ಯಮಕ್ಕೆ ಬದಲಾವಣೆ) ಆಗಿ ಕ್ಯಾಲಸ್ ಹಳತಾಯಿತೋ? ನಮಗೆ ಎರಡನೆಯದರ ಮೇಲೇ ಅನುಮಾನ. ಮಧ್ಯೆ ಒಂದು ವಾರ 2,4-ಡಿ 0.5ಕ್ಕೆ ಇಳಿಸಿ ನೋಡಿದವರಿದ್ದೀರಾ? ಬಿಎಪಿ ಬದಲು ಟಿಡಿಜೆಡ್ (ಥಿಡಿಯಾಜುರಾನ್, ಅದೇ ಕೆಲಸದ ಇನ್ನೊಂದು ರಾಸಾಯನಿಕ) ಬಳಸಿದವರು ಪ್ರಮಾಣ ತಿಳಿಸಿ.