ಭಯ ಹೋಗ್ತಾನೇ ಇಲ್ಲ, ನನ್ನ ನಂಬಿಕೆಯೇ ಸುಳ್ಳಾ?

ಸಂಜೆಗಾಳಿ:
ಎಲ್ಲರಿಗೂ ವಂದನೆಗಳು. ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡು ಡಾಕ್ಟರ್ ಬಯಾಪ್ಸಿ (ಗಂಟಿನ ಚೂರು ತೆಗೆದು ಕ್ಯಾನ್ಸರ್ ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಿದ್ದಾರೆ, ರಿಪೋರ್ಟ್ ಇನ್ನೂ ಬಂದಿಲ್ಲ. ಹಗಲು ಹೇಗೋ ಕಳೆದುಹೋಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಶುರು. ಎದೆ ಡವಡವ ಅನ್ನುತ್ತದೆ, ಕೈ ತಾನಾಗಿಯೇ ಗಂಟಿನ ಮೇಲೆ ಹೋಗುತ್ತದೆ, ನಿನ್ನೆಗಿಂತ ದೊಡ್ಡದಾಗಿದೆಯಾ ಅಂತ ಒತ್ತಿ ಒತ್ತಿ ನೋಡುತ್ತೇನೆ. ಪ್ರಾರ್ಥನೆಗೆ ಕೂತರೆ ಎರಡು ಮಾತು ಆಡುವುದರೊಳಗೆ ಮನಸ್ಸು ಮಕ್ಕಳ ಕಡೆ ಓಡುತ್ತದೆ, ನಾನಿಲ್ಲದಿದ್ದರೆ ಅವರ ಗತಿ ಏನು ಅಂತ.

ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ಒಬ್ಬರು ಬೈಬಲಿನಲ್ಲಿ 1 ಯೋಹಾನ 4:18 ತೆಗೆದು ಓದಿ, ಪೂರ್ಣ ಪ್ರೀತಿ ಭಯವನ್ನು ಓಡಿಸುತ್ತದೆ, ನಿಮಗೆ ಇನ್ನೂ ಭಯ ಇದೆ ಅಂದರೆ ದೇವರ ಪ್ರೀತಿಯನ್ನು ನೀವು ನಂಬಿಲ್ಲ ಅಂತಲೇ ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಗೊತ್ತು. ಆದರೆ ಈಗ ರಿಪೋರ್ಟಿನ ಭಯದ ಜೊತೆಗೆ ದೇವರಿಗೆ ನನ್ನ ಮೇಲೆ ಬೇಜಾರಾಗಿದೆಯೇನೋ ಅನ್ನುವ ಭಯವೂ ಸೇರಿಕೊಂಡಿದೆ. ನಂಬಿದವರಿಗೆ ಭಯವೇ ಆಗಬಾರದಾ?

ಜೀವಜಲ:
ಆ ವಚನವನ್ನು ನಿಮಗೆ ಹಾಗೆ ಓದಿ ಹೇಳಬಾರದಿತ್ತು. ಅದರ ಹಿಂದಿನ ವಚನ ನೋಡಿ, 17. ಯೋಹಾನ ಅಲ್ಲಿ ಮಾತಾಡುತ್ತಿರುವುದು ನ್ಯಾಯತೀರ್ಪಿನ ದಿನದ ಬಗ್ಗೆ. 18ರಲ್ಲೂ ಆ ಭಯಕ್ಕೂ ಶಿಕ್ಷೆಗೂ ಸಂಬಂಧ ಇದೆ ಅಂತ ಬಿಡಿಸಿ ಹೇಳುತ್ತಾನೆ. ದೇವರು ನನ್ನನ್ನು ದಂಡಿಸುತ್ತಾರೆ, ಕೈಬಿಡುತ್ತಾರೆ ಅನ್ನುವ ಭಯ ಇದೆಯಲ್ಲ, ಪ್ರೀತಿ ಓಡಿಸುವುದು ಅದನ್ನ. ರಿಪೋರ್ಟ್ ಬರುವ ಮುಂಚೆ ಎದೆ ಹೊಡೆದುಕೊಳ್ಳುವುದು ಬೇರೆ. ನಿಮ್ಮ ಎರಡನೇ ಭಯಕ್ಕೆ ಔಷಧಿಯಾಗಬೇಕಿದ್ದ ವಚನದಿಂದಲೇ ಆ ಭಯ ಹುಟ್ಟಿಬಿಟ್ಟಿದೆ, ಅದೇ ನನಗೆ ತುಂಬಾ ನೋವು. 19 ಓದಿ: ದೇವರೇ ಮೊದಲು ನಮ್ಮನ್ನು ಪ್ರೀತಿಸಿದರು. ನಾವು ಧೈರ್ಯ ತಂದುಕೊಂಡ ಮೇಲೆ ಪ್ರೀತಿಸುತ್ತಾರೆ ಅಂತ ಎಲ್ಲೂ ಇಲ್ಲ.

ಮತ್ತೆ 1 ಅರಸುಗಳು 19. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದಲ್ಲಿ ದೇವರ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡವನು, ಆದರೂ ಕೊಲ್ಲಿಸುತ್ತೇನೆ ಅಂತ ರಾಣಿ ಈಜೆಬೆಲ್ ಹೇಳಿಕಳಿಸಿದ ಕೂಡಲೇ ಜೀವ ಉಳಿಸಿಕೊಳ್ಳಲು ಓಡಿದ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ, ನನ್ನ ಪ್ರಾಣ ತೆಗೆದುಬಿಡು ಅಂದ. ದೇವರು ಬೈದರಾ? ಇಲ್ಲ. ಮಲಗಲು ಬಿಟ್ಟರು. ಆಮೇಲೆ ದೂತ ಬಂದು ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ, ದೂತ ಮತ್ತೆ ಬಂದು ಮುಟ್ಟಿ ಎಬ್ಬಿಸಿದ. ನಂಬಿಕೆಯ ಬಗ್ಗೆ ಒಂದು ಮಾತೂ ಇಲ್ಲ, ಬರೀ ತಿನ್ನು, ದಾರಿ ದೂರ ಇದೆ ಅಂತ. ನೀವೂ ಹೊತ್ತಿಗೆ ಸರಿಯಾಗಿ ಊಟ ಮಾಡಿ, ಹಗಲಲ್ಲಾದರೂ ಸ್ವಲ್ಪ ಮಲಗಿ.

ದೋಣಿಗಾರ:
ನಾನು ಪೂರ್ತಿ ಒಪ್ಪಲ್ಲ. ದೋಣಿ ಬಿರುಗಾಳಿಗೆ ಸಿಕ್ಕಾಗ ಯೇಸು ಸ್ವಾಮಿ ಶಿಷ್ಯರನ್ನು ಯಾಕೆ ಹೆದರುತ್ತೀರಿ, ಇನ್ನೂ ನಂಬಿಕೆ ಇಲ್ಲವಾ ಅಂತ ಕೇಳಲಿಲ್ಲವಾ? ಮಾರ್ಕ 4:40. ಭಯ ಸಹಜ, ಸಹಜ ಅಂತ ಹೇಳ್ತಾ ಹೋದರೆ ಅದರಲ್ಲೇ ಕೂತುಬಿಡುತ್ತೇವೆ.

ಜೀವಜಲ:
ಕೇಳಿದರು, ನಿಜ. ಆದರೆ 38ನೇ ವಚನದಲ್ಲಿ ಶಿಷ್ಯರು ಏನಂದರು ನೋಡಿ. ಕಾಪಾಡು ಅಂತಲ್ಲ, ನಾವು ಸಾಯ್ತಾ ಇದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಅಂತ. ಅಲೆಗೆ ಹೆದರಿದ್ದು ಅಷ್ಟು ದೊಡ್ಡ ವಿಷಯ ಅಲ್ಲ. ಸ್ವಾಮಿಗೆ ನಮ್ಮ ಮೇಲೆ ಕಾಳಜಿ ಇಲ್ಲ ಅಂದುಕೊಂಡರಲ್ಲ, ಸ್ವಾಮಿ ಕೇಳಿದ್ದು ಅದನ್ನೇ ಅಂತ ನನಗೆ ಅನಿಸುತ್ತದೆ. ಹಾಗೆ ಸಂಶಯಪಟ್ಟವರನ್ನೂ ಮುಳುಗಲು ಬಿಡಲಿಲ್ಲ. ಭಯದಲ್ಲೇ ಕೂತುಬಿಡಬಾರದು ಅನ್ನುವ ನಿಮ್ಮ ಮಾತು ಸರಿ. ದಾವೀದ ಗತ್ ಊರಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕಾಗ ಅಂತ ಶಿರೋನಾಮೆ ಇರುವ 56ನೇ ಕೀರ್ತನೆಯಲ್ಲಿ, ಹೆದರಿಕೆ ಆದಾಗ ನಿನ್ನನ್ನೇ ನಂಬುತ್ತೇನೆ ಅಂತಾನೆ. ಹೆದರಿಕೆ ಹೋಗಲಿ, ಆಮೇಲೆ ನಂಬುತ್ತೇನೆ ಅಂತ ಕಾಯುತ್ತಾ ಕೂರಲಿಲ್ಲ.

ಮರಿಯಮ್ಮನ ಮಗಳು:
ಇಬ್ಬರೂ ವಚನ ಚೆನ್ನಾಗಿ ಹೇಳಿದ್ದೀರಿ, ನಾನು ರಾತ್ರಿಯ ವಿಷಯ ಹೇಳ್ತೀನಿ. ಒಬ್ಬರೇ ಒದ್ದಾಡಬೇಡಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯೇ ತಮ್ಮ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋಗಿ, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಅಂದರು. ಅವರು ಬಾಯಿಬಿಟ್ಟು ಕೇಳಿದ್ದನ್ನು ನಾವು ಕೇಳಲು ನಾಚಿಕೆ ಯಾಕೆ? ಅಪೊಸ್ತಲ ಪೌಲನೂ ಅಷ್ಟೇ, ಹೊರಗೆ ಜಗಳ, ಒಳಗೆ ಭಯ ಅಂತ 2 ಕೊರಿಂಥ 7ರಲ್ಲಿ ಬರೆದ, ದೇವರು ಅವನಿಗೆ ಸಮಾಧಾನ ಕೊಟ್ಟದ್ದು ಅವನ ಜೊತೆ ಕೆಲಸಗಾರ ತೀತ ಬಂದು ಸೇರಿದ್ದರಿಂದ. ಎಷ್ಟೋ ಸಲ ದೇವರ ಪ್ರೀತಿ ನಮ್ಮ ಹತ್ತಿರ ಬರುವುದು ಒಬ್ಬ ಮನುಷ್ಯನ ಕಾಲಲ್ಲಿ ನಡೆದುಕೊಂಡೇ. ನಿದ್ದೆ ಪೂರ್ತಿ ಬಿಟ್ಟುಹೋಗಿದ್ದರೆ ಡಾಕ್ಟರಿಗೂ ಹೇಳಿ, ಅದು ಅಪನಂಬಿಕೆ ಅಲ್ಲ. ಪ್ರಾರ್ಥನೆಗೆ ಉದ್ದ ಮಾತು ಹುಡುಕಬೇಡಿ. ಸ್ವಾಮಿ, ನನಗೆ ಈ ಗಂಟಿನ ಭಯ, ಮಕ್ಕಳ ಭಯ ಅಂತ ಹೆಸರು ಹಿಡಿದು ಹೇಳಿ, ಸಾಕು.

ಸಂಜೆಗಾಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾರ್ಕ 4:38 ಎಷ್ಟೋ ಸಲ ಓದಿದ್ದೆ, ಅದು ನನ್ನದೇ ಪ್ರಶ್ನೆ ಅಂತ ಈಗ ಗೊತ್ತಾಯಿತು. ಅಕ್ಕನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ, ಇಲ್ಲಿಯವರೆಗೆ ಬರೀ ಸಣ್ಣ ಟೆಸ್ಟು ಅಂದಿದ್ದೆ. ರಿಪೋರ್ಟ್ ತರಲು ಜೊತೆಗೆ ಬರ್ತೀನಿ ಅಂದಳು. ಭಯ ಇನ್ನೂ ಇದೆ, ಗುರುವಾರ ಬಾ ಅಂದಿದ್ದಾರೆ. ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ, ಮಕ್ಕಳನ್ನೂ ಸೇರಿಸಿ.