ಬೋರ್ ನೀರು, ಒಂದು ನಾಯಿಮರಿ, ಒಂದು ಬೆಕ್ಕು: ಮನೆ ಖರ್ಚು ಇಳಿಸಿದವರು ಅನುಭವ ಹೇಳಿ

ಬೋಗಾದಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಎಂಟು ತಿಂಗಳಾಯಿತು, ಬೋಗಾದಿ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಆದರೂ 20ನೇ ತಾರೀಖು ದಾಟುವ ಹೊತ್ತಿಗೆ ಕೈ ಖಾಲಿ. ಲೆಕ್ಕ ಬರೆದು ನೋಡಿದೆ. ತಂದ ತರಕಾರಿ ಅರ್ಧ ಕೊಳೆತು ಹೋಗುತ್ತಿದೆ. ನೆಲಕ್ಕೊಂದು, ಪಾತ್ರೆಗೊಂದು, ಬಾತ್‌ರೂಮಿಗೊಂದು ಅಂತ ಬಾಟಲಿ ತರುತ್ತಲೇ ಇದ್ದೇವೆ. ಬೋರ್ ನೀರು, ಎಷ್ಟು ತಿಕ್ಕಿದರೂ ನಲ್ಲಿ ಮೇಲಿನ ಬಿಳಿ ಕಲೆ ಹೋಗುವುದಿಲ್ಲ. ಜೊತೆಗೆ ಬೀದಿಯಿಂದ ಎತ್ತಿಕೊಂಡು ಬಂದ ನಾಯಿಮರಿ, ಒಂದು ಬೆಕ್ಕು. ಅವುಗಳ ಪ್ಯಾಕೆಟ್ ಊಟದ ಖರ್ಚು ನಮ್ಮ ಹಾಲಿನ ಖರ್ಚಿಗಿಂತ ಜಾಸ್ತಿ. ಅವನ್ನು ಬಿಡುವ ಮಾತೇ ಇಲ್ಲ. ಅನುಭವ ಇರುವವರು ದಾರಿ ಹೇಳಿ.

ಕುವೆಂಪುನಗರದಿಂದ

ನೋಡಮ್ಮ, ಮೊದಲು ಬಸ್ಸಾರು ಕಲಿತುಕೋ. ನಮ್ಮ ಮೈಸೂರು ಮಂಡ್ಯ ಕಡೆ ಹೆಂಗಸರು ಒಂದೇ ಪಾತ್ರೆಯಲ್ಲಿ ಸಾರೂ ಪಲ್ಯವೂ ಎರಡೂ ತೆಗೆದದ್ದು ಹೀಗೆ.

ಒಂದು ಲೋಟ ಹೆಸರುಕಾಳು, ಇಲ್ಲವೇ ಅಲಸಂದೆ ಕಾಳು ರಾತ್ರಿಯೇ ನೆನೆಹಾಕು. ನೆನೆದ ಕಾಳು ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಬೆಳಿಗ್ಗೆ ಕಾಳು ಮುಕ್ಕಾಲು ಬೆಂದ ಮೇಲೆ ಎರಡು ಕಟ್ಟು ದಂಟಿನ ಸೊಪ್ಪೋ ಸಬ್ಬಸಿಗೆಯೋ ಹೆಚ್ಚಿ ಹಾಕು. ಉಪ್ಪು ಹಾಕಿ, ನೀರು ಧಾರಾಳವಾಗಿ ಬಿಡು. ಬೆಂದ ಮೇಲೆ ಬಸಿ. ಬಸಿದ ಕಟ್ಟು ಒಂದು ಪಾತ್ರೆಗೆ, ಕಾಳು ಸೊಪ್ಪು ಇನ್ನೊಂದಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಮೆಣಸು ಹುರಿದುಕೊಂಡು ಕಾಯಿ, ಸಾರಿನ ಪುಡಿ, ಹುಣಸೆಹಣ್ಣಿನ ಜೊತೆ ರುಬ್ಬು. ರುಬ್ಬುವಾಗ ಬೆಂದ ಕಾಳು ಸೊಪ್ಪಿನಲ್ಲಿ ಒಂದು ಹಿಡಿ ಸೇರಿಸು, ಅದೇ ಸಾರಿಗೆ ಗಟ್ಟಿತನ ಕೊಡುವುದು. ಇದನ್ನು ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದು ಮುದ್ದೆ ಮಾಡಿಕೊಂಡರೆ ಊಟ ಮುಗಿಯಿತು. ಸಾರು ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಚೆನ್ನಾಗಿ ಕುದಿಸು. ಮೊದಲ ದಿನಕ್ಕಿಂತ ರುಚಿ ಜಾಸ್ತಿ, ನೀನೇ ನೋಡುತ್ತೀಯ.

ಸೊಪ್ಪು ಕೊಳೆಯುವುದು ತೊಳೆದು ಇಡುವುದರಿಂದ. ತೊಳೆಯದೆ, ಬೇರು ಕತ್ತರಿಸಿ, ಹಳೆ ಪೇಪರಿನಲ್ಲಿ ಸುತ್ತಿಡು. ಹೀರೇಕಾಯಿ ಸಿಪ್ಪೆ ಬಿಸಾಡಬೇಡ, ಹುರಿದು ಚಟ್ನಿ ಮಾಡು. ಮೂಲಂಗಿ ಸೊಪ್ಪು, ಬೀಟ್‌ರೂಟ್ ಸೊಪ್ಪು ಅಂಗಡಿಯವನು ಕಿತ್ತು ಹಾಕುವ ಮೊದಲೇ ಬೇಕು ಅಂತ ಹೇಳು. ನಾನು ದೇವರಾಜ ಮಾರುಕಟ್ಟೆಗೆ ಸಂಜೆ ಹೊತ್ತು ಹೋಗುತ್ತೇನೆ. ಸೊಪ್ಪು ಮಾರುವವರಿಗೂ ಖಾಲಿ ಮಾಡಿ ಮನೆಗೆ ಹೋಗುವ ಆತುರ ಇರುತ್ತದೆ, ಬೆಲೆ ಇಳಿಸುತ್ತಾರೆ. ಆದರೆ ಅವತ್ತೇ ಬೇಯಿಸುವಷ್ಟು ಮಾತ್ರ ತಗೋ. ಅಗ್ಗಕ್ಕೆ ಸಿಕ್ಕಿತು ಅಂತ ತಂದು ಕೊಳೆಸಿದರೆ ಏನು ಲಾಭ?

ಒಂದು ವಿಷಯದಲ್ಲಿ ಮಾತ್ರ ಉಳಿತಾಯ ನೋಡಬೇಡ. ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವವರಿದ್ದಾರೆ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಜಾತಿ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಊಟ ಆದ ಮೇಲೆ ಅನ್ನ ತಟ್ಟೆಯಲ್ಲಿ ಹರಡಿ ಆರಿಸಿ, ತಡಮಾಡದೆ ಫ್ರಿಜ್ಜಿಗೆ ಹಾಕು. ಆಮೇಲೆ ಚಿತ್ರಾನ್ನವೋ ಮೊಸರನ್ನವೋ ಮಾಡಿಕೋ.

ಮಂಡ್ಯದಿಂದ

ರಾಗಿ ಹಿಟ್ಟಿನ ಪ್ಯಾಕೆಟ್ ತರುವುದನ್ನು ನಿಲ್ಲಿಸಿ ಮೇಡಂ. ರಾಗಿ ಕಾಳು ತಂದು, ಕ್ಲೀನ್ ಮಾಡಿ, ಬಿಸಿಲಿಗೆ ಹಾಕಿ ಮಿಷನ್ನಿಗೆ ಹಾಕಿಸಿ. ಕಾಳು ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಹಿಟ್ಟು ಮಾತ್ರ ತಿಂಗಳಿಗೆ ಬೇಕಾದಷ್ಟೇ ಮಾಡಿಸಿ. ಬೆಲ್ಲ ಕೊಳ್ಳುವಾಗ ಹಳದಿಯಾಗಿ ಹೊಳೆಯುವುದನ್ನು ಆರಿಸಬೇಡಿ. ಬಣ್ಣ ತಿಳಿಯಾಗಲಿ ಅಂತ ಆಲೆಮನೆಗಳಲ್ಲಿ ರಾಸಾಯನಿಕ ಹಾಕುವುದುಂಟು. ಕಂದು ಬಣ್ಣದ್ದು ನೋಡಲು ಚೆನ್ನಾಗಿರುವುದಿಲ್ಲ, ತಿನ್ನಲು ಅದೇ ಒಳ್ಳೆಯದು.

ಇನ್ನು ತೊಳೆಯುವ ವಿಷಯ. ಸಾರಿಗೆ ಹುಳಿ ಹಿಂಡಿದ ಮೇಲೆ ಉಳಿಯುವ ಹುಣಸೆ ಹಿಪ್ಪೆಯನ್ನು ನಮ್ಮ ತಾಯಿ ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಗುರುವಾರ ಸಂಜೆ ಅದಕ್ಕೆ ಚಿಟಿಕೆ ಉಪ್ಪು ಸೇರಿಸಿ ದೀಪ, ತಾಮ್ರದ ಚೊಂಬು ಉಜ್ಜುತ್ತಿದ್ದರು. ಉಜ್ಜಿದ ಕಡೆ ಕಪ್ಪು ಹೋಗಿ ಕೆಂಪಗೆ ಬೆಳಗುವುದು ಕಣ್ಣೆದುರೇ ಕಾಣುತ್ತಿತ್ತು. ಹುಣಸೆಯ ಹುಳಿ ತಾಮ್ರ, ಹಿತ್ತಾಳೆ ಮೇಲಿನ ಕಿಲುಬನ್ನು ಕರಗಿಸುತ್ತದೆ. ನಾನು ಈಗಲೂ ಹಾಗೇ ಮಾಡುತ್ತೇನೆ, ಅದಕ್ಕೆಂದು ಪುಡಿ ಕೊಂಡಿಲ್ಲ.

ಬೋರ್ ನೀರಿನ ಬಿಳಿ ಕಲೆ ಅಂದರೆ ಸುಣ್ಣ. ಸೋಪಿಗೆ ಅದು ಬಗ್ಗುವುದಿಲ್ಲ, ಹುಳಿಗೆ ಬಗ್ಗುತ್ತದೆ. ಹಿಂಡಿದ ನಿಂಬೆ ಹೋಳನ್ನು ನಲ್ಲಿಗೆ ಉಜ್ಜಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಹಳೆ ಕಲೆಯಾದರೆ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿಡಿ. ವಿನೆಗರ್‌ಗೆ ಸೋಡಾ ಬೆರೆಸಿದರೆ ನೊರೆ ಉಕ್ಕುತ್ತದೆ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ತೆಗೆದುಬಿಡುತ್ತದೆ. ಸುಮ್ನೆ ದಂಡ. ಮೊಸಾಯಿಕ್, ಮಾರ್ಬಲ್ ನೆಲಕ್ಕೆ ಮಾತ್ರ ಹುಳಿ ಮುಟ್ಟಿಸಬೇಡಿ, ಹೊಳಪು ಹೋಗುತ್ತದೆ. ಟಾಯ್ಲೆಟ್ಟಿಗೆ ಹಾಕುವ ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಯಾವತ್ತೂ ಹಾಕಬೇಡಿ. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಗಾಳಿ, ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ.

ಜೆ.ಪಿ. ನಗರದಿಂದ

ನಾಯಿ ಬೆಕ್ಕಿನ ವಿಷಯಕ್ಕೆ ನಾನು ಬರೆಯಲೇಬೇಕು. ನಮ್ಮಲ್ಲಿ ಎರಡು ನಾಯಿ, ಮೂರು ಬೆಕ್ಕು.

ಮಿಕ್ಕ ಸಾರನ್ನ ಹಾಕಿದರೆ ನಾಯಿಯ ಊಟ ಪುಕ್ಕಟೆ ಅಂತ ಅನೇಕರು ಅಂದುಕೊಂಡಿದ್ದಾರೆ. ದಯವಿಟ್ಟು ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ಹಬ್ಬದ ಪಾಯಸದ ಒಣದ್ರಾಕ್ಷಿಯಿಂದ ನಾಯಿಯ ಕಿಡ್ನಿ ಕೆಡಬಹುದು. ಚಾಕೊಲೇಟ್ ಕೂಡ ವಿಷ. ಬೇಯಿಸಿದ ಮೂಳೆ ಚೂರಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಮೇಲಿನವರು ಹೇಳಿದ ಬಸ್ಸಾರು ನಿಮಗೆ ಸರಿ, ಮರಿಗೆ ಬೇಡ.

ನಾನು ಮಾಡುವುದು ಇಷ್ಟೇ. ಕುಕ್ಕರಿನಲ್ಲಿ ನಮ್ಮ ಅನ್ನದ ಮೇಲೆ ಇನ್ನೊಂದು ಡಬ್ಬಿ. ಅದರಲ್ಲಿ ಸ್ವಲ್ಪ ಅಕ್ಕಿ, ಸಿಹಿಗುಂಬಳದ ಹೋಳು, ಮೂಳೆಯಿಲ್ಲದ ಕೋಳಿ ಮಾಂಸ. ಉಪ್ಪಿಲ್ಲ, ಒಗ್ಗರಣೆಯಿಲ್ಲ. ಕೋಳಿ ಇಲ್ಲದ ದಿನ ಬೇಯಿಸಿದ ಮೊಟ್ಟೆ, ಸ್ವಲ್ಪ ಮೊಸರು. ಬರೀ ಮುದ್ದೆ ಹಾಲಿನಲ್ಲಿ ಬೆಳೆಯುವ ಮರಿಗೆ ಶಕ್ತಿ ಸಾಲದು. ಹಾಗಾಗಿ ಪ್ಯಾಕೆಟ್ ಪೂರ್ತಿ ಬಿಡಬೇಡಿ, ಒಂದು ಹೊತ್ತು ಅದು, ಒಂದು ಹೊತ್ತು ಮನೆಯದು. ಬೆಕ್ಕಿಗಂತೂ ಮಾಂಸ ಮೀನು ಬೇಕೇ ಬೇಕು. ಹಾಲನ್ನದ ಮೇಲೆ ಬೆಕ್ಕು ಸಾಕಲು ಆಗುವುದಿಲ್ಲ, ಎಷ್ಟೋ ದೊಡ್ಡ ಬೆಕ್ಕುಗಳಿಗೆ ಹಾಲು ಕುಡಿದರೆ ಭೇದಿಯಾಗುತ್ತದೆ. ಬೂತಾಯಿ ಅಗ್ಗಕ್ಕೆ ಸಿಕ್ಕ ದಿನ ತಂದು, ಬೇಯಿಸಿ, ಮುಳ್ಳು ಬಿಡಿಸಿ ಕೊಡಿ.

ನೆಲ ಒರೆಸುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಫಿನೈಲ್ ಲೀಟರ್ ಗಟ್ಟಲೆ ಅಗ್ಗ ಅಂತ ತಂದು, ನೀರಿಗೆ ಜಾಸ್ತಿಯೇ ಸುರಿದು ಹಾಲ್ ಒರೆಸಿದೆ. ನಮ್ಮ ಹಳದಿ ಬೆಕ್ಕು ಒದ್ದೆ ನೆಲದ ಮೇಲೆ ನಡೆದು ಕಿಟಕಿ ಹತ್ತಿ ಕುಳಿತು ಪಾದ ನೆಕ್ಕಿಕೊಂಡಿತು. ಸ್ವಲ್ಪ ಹೊತ್ತಿಗೆ ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು, ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ಫಿನೈಲಿನಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ ಅಂತ ಅವರು ಹೇಳಿದರು. ಮೂರು ದಿನ ಡ್ರಿಪ್ ಹಾಕಿಸಿದೆವು, ಬದುಕಿತು. ಅವತ್ತಿನಿಂದ ನಮ್ಮ ಮನೆಗೆ ಫಿನೈಲ್ ಬಂದಿಲ್ಲ. ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ಬೆಕ್ಕಿಗೆ ಕೊಡಬೇಡಿ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಲಸಿಕೆಯ ದುಡ್ಡು ಉಳಿಸಲು ಹೋಗಬೇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಅಲ್ಲಲ್ಲಿ ಲಸಿಕೆ ಶಿಬಿರ ಮಾಡುತ್ತಾರೆ.

ಬೋಗಾದಿಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫಿನೈಲ್ ವಿಷಯ ಓದಿ ಕೈಕಾಲು ನಡುಗಿತು, ನಮ್ಮ ಮನೆಯಲ್ಲೂ ಅದೇ ಇದೆ. ಭಾನುವಾರ ಬಸ್ಸಾರು ಮಾಡಿದೆ ಅಕ್ಕ. ಬಸಿದ ಕಟ್ಟನ್ನು ಅಭ್ಯಾಸಬಲದಿಂದ ಸಿಂಕಿಗೆ ಚೆಲ್ಲಲು ಹೋಗಿದ್ದೆ, ನಮ್ಮ ಯಜಮಾನರು ಕೂಗಿ ನಿಲ್ಲಿಸಿದರು! ನಾಯಿಮರಿಗೆ ಕುಕ್ಕರಿನಲ್ಲಿ ಬೇರೆ ಡಬ್ಬಿ ಶುರು ಮಾಡಿದ್ದೇನೆ. ಫಿನೈಲ್ ಬದಲು ನೆಲಕ್ಕೆ, ಪಾತ್ರೆಗೆ ಏನು ಬಳಸಲಿ?

ಕುವೆಂಪುನಗರದಿಂದ

ನೆಲಕ್ಕೆ ದಿನಾ ಬರೀ ನೀರು ಸಾಕಮ್ಮ. ಜಿಡ್ಡಿದ್ದರೆ ಅಂಟುವಾಳದ ನೀರು ಮಾಡಿಕೋ. ಎಂಟು ಹತ್ತು ಕಾಯಿಯ ಬೀಜ ತೆಗೆದು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸು. ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸು. ಬೋರ್ ನೀರಿನಲ್ಲಿ ಸೋಪು ನೊರೆ ಬರದೆ ಬಿಳಿ ಗಸಿ ಕಟ್ಟುತ್ತದಲ್ಲ, ಇದು ಹಾಗೆ ಕಟ್ಟುವುದಿಲ್ಲ. ಪಾತ್ರೆಗೂ ಆಗುತ್ತದೆ, ನಿನ್ನ ಮದುವೆಯ ರೇಷ್ಮೆ ಸೀರೆಗೂ ಆಗುತ್ತದೆ. ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸು, ಆಮೇಲೆ ಹುಳಿ ವಾಸನೆ ಬರುತ್ತದೆ. ಕಣ್ಣಿಗೆ ಬಿದ್ದರೆ ಬಹಳ ಉರಿ, ಮರಿ ಬಾಯಿ ಹಾಕದ ಹಾಗೆ ಮೇಲಿಡು. ನೆಲ ಒರೆಸಿದ ಮೇಲೆ ಒಂದು ಸಲ ಬರೀ ನೀರಿನಲ್ಲಿ ಒರೆಸಿ, ಒಣಗುವ ತನಕ ಬೆಕ್ಕನ್ನು ರೂಮಿನಲ್ಲಿ ಕೂಡಿಹಾಕು. ಕಾಯಿ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಬೀಜ ತೆಗೆದದ್ದು ಇದೆಯಾ ಅಂತ ಕೇಳಿ ತಗೋ, ಇಲ್ಲದಿದ್ದರೆ ತೂಕದಲ್ಲಿ ಬೀಜಕ್ಕೂ ದುಡ್ಡು ಕೊಟ್ಟ ಹಾಗಾಗುತ್ತದೆ.